ತಂತಿ ಮಾವನ ಹದಿನಾಲ್ಕನೇ ಉತ್ತರ

ನನ್ನ ಕೆಲಸ ಅರ್ಜಿ ಬರೆಯುವುದು. ಮಾಜಿ ಸೈನಿಕರ ಕಚೇರಿಯ ಎದುರು, ಝೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ ನನ್ನದೊಂದು ಮೇಜು, ಎರಡು ಕುರ್ಚಿ, ಒಂದು ಹಳೆಯ ಕಂಪ್ಯೂಟರು. ಪಕ್ಕದಲ್ಲಿ ಅದಕ್ಕಿಂತ ಹಳೆಯ ಟೈಪ್‌ರೈಟರು. ಕರೆಂಟು ಹೋದಾಗ ಅದೇ ಗತಿ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತಿದ್ದೇನೆ. ಅರ್ಜಿಗೆ ಬೇಕಾದದ್ದು ಹೆಸರು, ವಿಳಾಸ, ಸೈನ್ಯದ ನಂಬರು, ಅಷ್ಟೇ. ಆದರೆ ನನಗೆ ಅಷ್ಟಕ್ಕೆ ಸಮಾಧಾನವಾಗುವುದಿಲ್ಲ. ಯಾಕೆ, ಹೇಗೆ, ಆಮೇಲೇನಾಯಿತು ಎಂದು ಬಂದವರ ಹೊಟ್ಟೆಯೊಳಗಿನದನ್ನೆಲ್ಲ ಕೆದಕಬೇಕು. ನನ್ನ ಗಂಡ ಬದುಕಿದ್ದಾಗ, "ನೀನು ಪೊಲೀಸ್ ಆಗ್ಬೇಕಿತ್ತು ಕಣೇ, ತಪ್ಪಿ ಟೈಪಿಸ್ಟ್ ಆದೆ" ಅನ್ನುತ್ತಿದ್ದರು. ಅನ್ನಲಿ. ಈ ಮೂಗು ತೂರಿಸುವ ಚಟ ಇಲ್ಲದಿದ್ದರೆ ತಂತಿ ಮಾವನ ಕಥೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಒಂದು ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ಅರವತ್ತರ ಹತ್ತಿರದ ಒಬ್ಬ ಹೆಂಗಸು ಬಂದು, ಕೇಳದೆಯೇ ಕುರ್ಚಿ ಎಳೆದುಕೊಂಡು ಕೂತರು. ನಾಲ್ಕು ಮಡಿಕೆ ಮಾಡಿದ ಒಂದು ಪತ್ರವನ್ನು ಮೇಜಿನ ಮೇಲಿಟ್ಟು ನನ್ನತ್ತ ತಳ್ಳಿದರು.

"ಇದನ್ನ ಸ್ವಲ್ಪ ಓದಮ್ಮ. ನಾನೂ ಓದಿದೀನಿ. ತಪ್ಪು ಓದಿದೀನೇನೋ ಅಂತ ಅನುಮಾನ."

ಅಂಗವಿಕಲ ಮಾಜಿ ಸೈನಿಕರ ಮನೆ ಮಾರ್ಪಾಡು ಯೋಜನೆಯ ಪತ್ರ ಅದು. ನಡೆಯಲಾಗದ ಸೈನಿಕರ ಮನೆಗೆ ಮೆಟ್ಟಿಲ ಬದಲು ಇಳಿಜಾರು ಹಾಕಿಸುವುದು, ಗಾಲಿಕುರ್ಚಿ ಹಿಡಿಸುವ ಹಾಗೆ ಬಾಗಿಲು ಅಗಲ ಮಾಡಿಸುವುದು, ಬಚ್ಚಲುಮನೆಯ ನೆಲ ಎತ್ತರಿಸಿ ಹಿಡಿಕೆ ಕೂರಿಸುವುದು, ಇದೆಲ್ಲ ಆ ಯೋಜನೆಯಲ್ಲಿ ಬರುತ್ತದೆ. ಪತ್ರದಲ್ಲಿ ಇದ್ದದ್ದು ಒಂದೇ ವಾಕ್ಯ: 'ಅರ್ಜಿದಾರರು ಮನೆಯೊಳಗೆ ಸಹಾಯವಿಲ್ಲದೆ ಓಡಾಡಬಲ್ಲರೆಂದು ಸ್ಥಳ ಪರಿಶೀಲನೆಯಲ್ಲಿ ಕಂಡುಬಂದಿರುವುದರಿಂದ ಸದರಿಯವರು ಅರ್ಹರಲ್ಲವೆಂದು ತಿಳಿಯಪಡಿಸಿದೆ.'

"ಸರಿಯಾಗೇ ಓದಿದೀರಿ. ನಿಮ್ಮ ಯಜಮಾನ್ರು ಮನೇಲಿ ಓಡಾಡ್ತಾರಂತೆ. ಓಡಾಡೋರಿಗೆ ಇದು ಸಿಗಲ್ಲ" ಎಂದೆ.

"ಅವರಿಗೆ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಮೂವತ್ನಾಲ್ಕು ವರ್ಷ ಆಯ್ತು."

"ಹಾಗಾದ್ರೆ ಪರಿಶೀಲನೆಗೆ ಬಂದಾಗ ಓಡಾಡಿದ್ದು ಯಾರು?"

"ಅವರೇ."

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಆಕೆಯ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಸುಳ್ಳು ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ವಿಪರೀತ ವಿವರ ಕೊಡುತ್ತಾರೆ. ಈಕೆ ಕೇಳಿದ್ದಕ್ಕೆ ಒಂದೊಂದೇ ಮಾತು ಹೇಳುತ್ತಿದ್ದರು. ನನಗೆ ಕುತೂಹಲ ತಡೆಯಲಾಗಲಿಲ್ಲ.

"ಮೂವತ್ನಾಲ್ಕು ವರ್ಷ ಹೇಗೋ ಆಗಿದೆಯಲ್ಲ. ಈಗ್ಯಾಕೆ ಮನೆ ಬದಲಾಯಿಸ್ಬೇಕು?"

ಆಕೆ ಸುತ್ತ ನೋಡಿ ದನಿ ತಗ್ಗಿಸಿದರು. "ಅವರನ್ನ ಎತ್ತಿ ಬಚ್ಚಲಿಗೆ ಇಳಿಸೋಳು ನಾನು. ನನ್ನ ಬಲಭುಜ ಸವೆದು ಹೋಗಿದೆ. ಇನ್ನು ಭಾರ ಎತ್ತಿದ್ರೆ ಕೈಯೇ ಹೋಗುತ್ತೆ ಅಂದಿದಾರೆ ಡಾಕ್ಟ್ರು. ಮನೆ ಹೀಗೇ ಇದ್ರೆ ಅವರನ್ನ ಸೈನಿಕರ ವಸತಿಗೃಹಕ್ಕೆ ಕಳಿಸ್ಬೇಕು. ರೈಲಲ್ಲಿ ಆರು ಗಂಟೆ ದೂರ. ಹೆಂಡತೀರನ್ನ ಸೇರಿಸಲ್ಲ ಅಲ್ಲಿ. ತಿಂಗಳಿಗೊಂದು ಭಾನುವಾರ ಹೋಗಿ ನೋಡ್ಬಹುದಂತೆ."

"ಅವರೇನಂತಾರೆ?"

"ಭುಜದ ವಿಷಯ ಅವರಿಗೆ ಹೇಳಿಲ್ಲ. ಗೊತ್ತಾದ್ರೆ ಅವತ್ತೇ ಪೆಟ್ಟಿಗೆ ಕಟ್ತಾರೆ. ಬಚ್ಚಲ ಮೋರಿ ಕಟ್ಟಿದೆ ಅಂತ ಹೇಳಿ ಮೂರು ವಾರದಿಂದ ಒದ್ದೆ ಬಟ್ಟೇಲಿ ಮೈ ಒರೆಸ್ತಾ ಇದೀನಿ. ನೀನೂ ಬಾಯಿ ಬಿಡಬಾರ್ದು."

ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ನನ್ನ ಬಾಯಿಯ ಗುಣ ಗೊತ್ತಿದ್ದವರು ಯಾರಾದರೂ ಪಕ್ಕದಲ್ಲಿದ್ದಿದ್ದರೆ ನಕ್ಕುಬಿಡುತ್ತಿದ್ದರು.

ಅರ್ಜಿ ಬರೆಯುವವಳು ಮನೆಗೆ ಹೋಗಿ ನೋಡಬೇಕೆಂದು ಯಾವ ನಿಯಮವೂ ಇಲ್ಲ. ಆದರೂ ಮರುದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಹೊರಟೆ. ಸ್ವಾಧೀನವಿಲ್ಲದ ಕಾಲಲ್ಲಿ ಮನುಷ್ಯ ಓಡಾಡುವುದು ಹೇಗೆ ಎಂಬುದನ್ನು ಕಣ್ಣಾರೆ ನೋಡದೆ ನನಗೆ ನಿದ್ದೆ ಬರುವಂತಿರಲಿಲ್ಲ. ಹಳೆಯ ನೂಲಿನ ಗಿರಣಿಯ ಹಿಂದಿನ ಬೀದಿ. ತಿರುವಿನಲ್ಲಿ ಒಬ್ಬ ದರ್ಜಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಸೈನ್ಯದಲ್ಲಿದ್ದು ಬಂದವರ ಮನೆ ಎಲ್ಲಿ ಎಂದು ಕೇಳಿದೆ.

"ತಂತಿ ಮಾವನ ಮನೇನಾ? ಅಲ್ಲಿ, ನೀಲಿ ಬಾಗಿಲು. ಒಳಗೆ ಹೋದ್ಮೇಲೆ ನೋಡ್ಕೊಂಡು ನಡೀರಿ."

"ಯಾಕೆ?"

"ಹೋಗಿ, ನಿಮಗೇ ಗೊತ್ತಾಗುತ್ತೆ."

ನೀಲಿ ಬಾಗಿಲಿಗೆ ಮೂರು ಕಲ್ಲಿನ ಮೆಟ್ಟಿಲು. ಕಿಟಕಿಯ ಕೆಳಗೆ ಮಡಚಿಟ್ಟ ಗಾಲಿಕುರ್ಚಿಯೊಂದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಬಾಗಿಲು ತಟ್ಟಿದೆ. ತೆರೆದದ್ದು ಒಬ್ಬ ಎತ್ತರದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಹಿಮ್ಮಡಿ ಮುಚ್ಚುವಷ್ಟು ಉದ್ದದ ಪ್ಯಾಂಟು, ನೆಟ್ಟಗಿನ ಬೆನ್ನು. ನಿಂತಿದ್ದರು. ಕೂತಿರಲಿಲ್ಲ, ಒರಗಿರಲಿಲ್ಲ, ನಿಂತಿದ್ದರು.

"ಅರ್ಜಿ ಬರೆಯೋರಾ? ಬನ್ನಿ ರೈಟರಮ್ಮ, ಒಳಗೆ ಬನ್ನಿ" ಎಂದು ಹೇಳಿ ತಿರುಗಿ ನನ್ನ ಮುಂದೆಯೇ ಒಳಗೆ ನಡೆದರು.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ಗಟ್ಟಿಮುಟ್ಟಾದ ಆಳು, ಹೆಂಡತಿಯನ್ನು ಕಳಿಸಿ ಸರ್ಕಾರಕ್ಕೆ ಟೋಪಿ ಹಾಕಲು ನೋಡುತ್ತಿದ್ದಾನೆ. ನಾನೂ ಬೆಪ್ಪಳ ಹಾಗೆ ಅಂಗಡಿ ಮುಚ್ಚಿ ಬಂದಿದ್ದೇನೆ ಎಂದುಕೊಂಡು ದುಡುದುಡು ಒಳಗೆ ನುಗ್ಗಿದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಎದೆಗೆ ಏನೋ ತಡೆದು, ಯಾರದ್ದೋ ಒದ್ದೆ ಅಂಗಿಯ ತೋಳು ಕೆನ್ನೆಗೆ ಬಡಿಯಿತು.

ಬಟ್ಟೆ ಸರಿಸಿ ನೋಡಿದೆ. ಗೋಡೆಯಿಂದ ಗೋಡೆಗೆ ತಂತಿ. ಅದಕ್ಕೆ ಸಮನಾಗಿ ಒಂದೂವರೆ ಅಡಿ ಆಚೆ ಇನ್ನೊಂದು ತಂತಿ. ಬಾಗಿಲಿಂದ ಮಂಚಕ್ಕೆ ಒಂದು ಜೋಡಿ, ಮಂಚದಿಂದ ಅಡುಗೆಮನೆಗೆ ಒಂದು ಜೋಡಿ, ಅಲ್ಲಿಂದ ಕಿಟಕಿಯ ಪಕ್ಕದ ಕೆಲಸದ ಮೇಜಿಗೆ ಇನ್ನೊಂದು. ಎಲ್ಲವೂ ಹೆಬ್ಬೆರಳಿನಷ್ಟು ದಪ್ಪ, ಮೇಲೆ ರಬ್ಬರ್ ಕೊಳವೆಯ ಹೊದಿಕೆ. ಆಕೆ ಬೀದಿಯವರ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವವರು. ತಂತಿಗಳ ತುಂಬ ಬಟ್ಟೆ ಒಣಗುತ್ತಿತ್ತು. ಆ ಬಟ್ಟೆಗಳ ನಡುವೆ ಈ ಮನುಷ್ಯ ಎರಡು ಕಡೆಯ ತಂತಿಯ ಮೇಲೆ ತೋಳೂರಿ, ಮೈಭಾರವನ್ನೆಲ್ಲ ಕೈಗೆ ಕೊಟ್ಟು, ಕಬ್ಬಿಣದ ಪಟ್ಟಿ ಬಿಗಿದ ಕಾಲುಗಳನ್ನು ಮುಂದಕ್ಕೆ ತೂಗಿ ಊರುತ್ತಿದ್ದರು. ಬಟ್ಟೆಯ ಮರೆಯಲ್ಲಿ ಕೈ ಕಾಣುತ್ತಿರಲಿಲ್ಲ. ಪ್ಯಾಂಟಿನ ಮರೆಯಲ್ಲಿ ಪಟ್ಟಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ನಡೆದಾಡುವ ಮನುಷ್ಯ ಮಾತ್ರ.

ಪರಿಶೀಲನೆಗೆ ಬಂದ ಅಧಿಕಾರಿ ಅದನ್ನು ಬಟ್ಟೆ ಒಣಹಾಕುವ ತಂತಿ ಎಂದುಕೊಂಡರೆ ತಪ್ಪೇನಿಲ್ಲ. ಎದೆಗೆ ಬಡಿಯದಿದ್ದರೆ ನಾನೂ ಹಾಗೇ ತಿಳಿದು ಬಯ್ದುಕೊಂಡು ವಾಪಸು ಬರುತ್ತಿದ್ದೆ.

"ಅಧಿಕಾರಿಗೆ ಇದನ್ನ ಹೇಳ್ಲಿಲ್ವಾ ನೀವು?" ಎಂದು ಕೇಳಿದೆ.

"ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಆಫೀಸರ್ ಮನೆಗೆ ಬಂದಾಗ ಕೂತೇ ಇರಕ್ಕಾಗುತ್ತಾ? ಎದ್ದು ನಿಂತೆ. ಮನೆಯೆಲ್ಲ ತೋರ್ಸಿ ಅಂದ್ರು, ತೋರ್ಸಿದೆ."

"ಹದಿನಾಲ್ಕನೇ ಪ್ರಶ್ನೆಗೆ ಏನು ಬರ್ದಿದ್ರಿ?"

ಅವರ ಹೆಂಡತಿ ಇಸ್ತ್ರಿ ಮೇಜಿನ ಹತ್ತಿರದಿಂದ ಅರ್ಜಿಯ ನಕಲು ತಂದುಕೊಟ್ಟರು. 'ಸಹಾಯವಿಲ್ಲದೆ ಓಡಾಡಬಲ್ಲಿರಾ?' ಎಂಬುದರ ಮುಂದೆ ದುಂಡಗಿನ ಅಕ್ಷರದಲ್ಲಿ, 'ಹೌದು. ಯಾರ ಸಹಾಯವೂ ಇಲ್ಲ.' ನಾನು ಹಣೆ ಚಚ್ಚಿಕೊಂಡೆ.

"ಮಾವ, ಸಹಾಯ ಅಂದ್ರೆ ಇಲ್ಲಿ ಮನುಷ್ಯರ ಸಹಾಯ ಮಾತ್ರ ಅಲ್ಲ. ಕೋಲು, ಗಾಲಿಕುರ್ಚಿ, ಎಲ್ಲಾ ಸೇರುತ್ತೆ."

"ಕೋಲು ಹೇಗೆ ಸಹಾಯ ಆಗುತ್ತೆ? ಕೋಲಿಗೆ ಜೀವ ಇದೆಯಾ?"

ತಪ್ಪು ಬರೆದದ್ದಲ್ಲ, ಮೋಸವಂತೂ ಅಲ್ಲವೇ ಅಲ್ಲ. ಆ ಶಬ್ದಕ್ಕೆ ಕಚೇರಿಯಲ್ಲಿ ಒಂದು ಅರ್ಥ, ಅವರ ಮನೆಯಲ್ಲಿ ಇನ್ನೊಂದು.

ಆವತ್ತು ಸಂಜೆಯವರೆಗೂ ಅಲ್ಲೇ ಕೂತೆ. ನಾನು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಹತ್ತೊಂಬತ್ತಕ್ಕೆ ಸೈನ್ಯ ಸೇರಿದವರು. ಬಂದೂಕಿಗಿಂತ ಹೆಚ್ಚು ಹಿಡಿದದ್ದು ಇಕ್ಕಳವನ್ನಂತೆ. ಗಡಿಯ ಗುಡ್ಡಗಳಲ್ಲಿ ಒಂದು ಠಾಣೆಯಿಂದ ಇನ್ನೊಂದಕ್ಕೆ ಟೆಲಿಫೋನ್ ತಂತಿ ಎಳೆಯುವ ತುಕಡಿ ಅವರದ್ದು. ಗಾಳಿಗೆ ತುಂಡಾದ ತಂತಿ ಕಟ್ಟಲು ಕಂಬ ಹತ್ತಿದ್ದಾಗ ಕಂಬವೇ ಬುಡ ಸಮೇತ ಬಿತ್ತು. ಆಗ ಅವರಿಗೆ ಇಪ್ಪತ್ತೇಳು. ಸೈನ್ಯದ ಆಸ್ಪತ್ರೆಯಲ್ಲಿ ಹದಿನಾಲ್ಕು ತಿಂಗಳು ಮಲಗಿದ್ದರು.

"ಮದುವೆ ಅದಕ್ಕೆ ಮುಂಚೆ ಆಗಿತ್ತಾ?"

"ಆಮೇಲೆ" ಎಂದರು ಆಕೆ.

ನನ್ನ ಕಿವಿ ನೆಟ್ಟಗಾಯಿತು. ಆಕೆ ಅದೇ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸದಲ್ಲಿದ್ದರಂತೆ. ಒಂದು ದಿನ ಇಸ್ತ್ರಿಪೆಟ್ಟಿಗೆ ಕೆಟ್ಟಿತು. ಏಳನೇ ಮಂಚದಲ್ಲಿ ಒಬ್ಬ ತಂತಿ ಕೆಲಸದವನಿದ್ದಾನೆ ಎಂದು ಯಾರೋ ಹೇಳಿದರು. ಕೊಂಡೊಯ್ದು ಕೊಟ್ಟರು, ಮಲಗಿದ್ದಲ್ಲೇ ರಿಪೇರಿ ಮಾಡಿದರು. ವಾರಕ್ಕೆ ಮತ್ತೆ ಕೆಟ್ಟಿತು, ಮತ್ತೆ ಕೊಂಡೊಯ್ದರು.

"ಮೂರನೇ ಸಲ ತಂದಾಗ ಅದು ಕೆಟ್ಟೇ ಇರ್ಲಿಲ್ಲ" ಎಂದರು ಮಾವ. "ಬಿಚ್ಚಿ ನೋಡಿದ್ರೆ ಎಲ್ಲಾ ಸರಿ ಇದೆ. ಎರಡು ದಿನ ನನ್ನ ಹತ್ರಾನೇ ಇಟ್ಕೊಂಡೆ, ದೊಡ್ಡ ರಿಪೇರಿ ಅಂತ ಹೇಳಿ."

"ರೀ, ಸುಮ್ನಿರಿ" ಎಂದು ಆಕೆ ಗದರಿದರು. ಅರವತ್ತರ ಹೆಂಗಸು ಹಾಗೆ ಕೆಂಪಾದದ್ದನ್ನು ನಾನು ನೋಡಿರಲಿಲ್ಲ.

ಮದುವೆಯಾಗಿ ಈ ಮನೆಗೆ ಬಂದ ಮೊದಲ ವರ್ಷ ಮಾವ ಮಂಚ ಬಿಟ್ಟಿರಲಿಲ್ಲ. ಗಾಲಿಕುರ್ಚಿ ಬಂತು, ಬಾಗಿಲಲ್ಲಿ ಹಿಡಿಸಲಿಲ್ಲ. ಊರುಗೋಲು ಬಂತು, ಸೊಂಟ ನಿಲ್ಲದೆ ಎರಡು ಸಲ ಬಿದ್ದರು. ಒಂದು ಬೆಳಿಗ್ಗೆ ಆಕೆ ನೀರಿಗೆ ಹೋಗಿದ್ದಾಗ ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿ ಗ್ಯಾಸಿನ ವಾಸನೆ ಮನೆಯೆಲ್ಲ ತುಂಬಿತು. ಹತ್ತು ಅಡಿ ಆಚೆಗಿದ್ದ ಒಲೆಯ ಗುಂಡಿ ತಿರುಗಿಸಲು ಇವರಿಂದ ಆಗಲಿಲ್ಲ. ಆಕೆ ಓಡಿ ಬಂದು ಗ್ಯಾಸು ಬಂದ್ ಮಾಡಿದರು. ಅದೇ ಮಧ್ಯಾಹ್ನ ಮಾವ ಗೋಡೆಗೆ ಕೊಕ್ಕೆ ಹೊಡೆಸಿದರು. ಮಂಚದಿಂದ ಒಲೆಗೆ ಮೊದಲ ಜೋಡಿ. ಆಮೇಲೆ ವರ್ಷಕ್ಕೊಂದರಂತೆ ಮನೆಯೆಲ್ಲ ಹಬ್ಬಿತು. ಅವರ ಲೆಕ್ಕದಲ್ಲಿ ಅವು ತಂತಿಗಳಲ್ಲ, ಲೈನುಗಳು. ಒಂದನೇ ಲೈನು, ಎರಡನೇ ಲೈನು. ಬಚ್ಚಲಿಗೆ ಮಾತ್ರ ಲೈನಿಲ್ಲ. ಅದು ಹಿತ್ತಿಲ ಕಡೆ ಎರಡು ಮೆಟ್ಟಿಲು ಕೆಳಗಿದೆ, ತೇವದ ಗೋಡೆ ಕೊಕ್ಕೆ ಹಿಡಿಯುವುದಿಲ್ಲ.

ನಿಯಮದ ಪುಸ್ತಕ ನನ್ನ ಹತ್ತಿರವಿದೆ. ಮನೆಗೆ ಬಂದು ತೆಗೆದು ನೋಡಿದೆ. ಅರ್ಹತೆಗೆ ಬೇಕಾದದ್ದು ಇಷ್ಟು: ಗಾಯ ಸೇವೆಯಲ್ಲಿ ಆದದ್ದಿರಬೇಕು, ವಾಸಿಯಾಗದಂಥದ್ದಿರಬೇಕು, ಮನೆ ಅರ್ಜಿದಾರರ ಹೆಸರಿನಲ್ಲಿರಬೇಕು, ಊರುಗೋಲು, ಗಾಲಿಕುರ್ಚಿ 'ಅಥವಾ ಇತರ ಸಾಧನ' ಇಲ್ಲದೆ ಓಡಾಡಲು ಆಗಬಾರದು. ಮೊದಲ ಮೂರಕ್ಕೆ ಚಕಾರವಿಲ್ಲ. ನಾಲ್ಕನೆಯದರಲ್ಲಿ 'ಇತರ ಸಾಧನ' ಎಂಬ ಎರಡು ಶಬ್ದ ಕಂಡದ್ದೇ ನನಗೆ ಕುಣಿಯುವಷ್ಟು ಖುಷಿಯಾಯಿತು. ತಂತಿ ಸಾಧನವಲ್ಲದೆ ಮತ್ತೇನು? ಮೇಲ್ಮನವಿ ಬರೆದು ಮರುದಿನವೇ ಕೊಟ್ಟೆ. ಎರಡು ವಾರಕ್ಕೆ ಮರುಪರಿಶೀಲನೆಯ ದಿನ ಗೊತ್ತಾಯಿತು.

ಹಿಂದಿನ ದಿನ ಹೋಗಿ ಮಾವನಿಗೆ ಹೇಳಿದೆ. "ನಾಳೆ ಒಂದು ದಿನದ ಮಟ್ಟಿಗೆ ಈ ಲೈನೆಲ್ಲ ಬಿಚ್ಚಿಬಿಡಿ. ಅಧಿಕಾರಿ ಬರೋ ಹೊತ್ತಿಗೆ ಮಂಚದ ಮೇಲೆ ಕೂತಿರಿ. ಇದರಲ್ಲಿ ಸುಳ್ಳೇನೂ ಇಲ್ಲ."

"ಲೈನ್ ಬಿಚ್ಚೋದು ಠಾಣೆ ಬಿಟ್ಟು ಓಡುವಾಗ" ಎಂದರು. "ನಾನು ಎಲ್ಲಿಗೂ ಓಡ್ತಾ ಇಲ್ಲ."

ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವರಿಗೆ ಈ ಯೋಜನೆಯೇ ಹೆಂಡತಿಯ ಹುಚ್ಚು. ಮನೆ ಹೇಗಿದೆಯೋ ಹಾಗೇ ಚೆನ್ನಾಗಿದೆ. ಇವರು ಹಟ ಹಿಡಿದದ್ದು ಯಾವುದಕ್ಕೆ, ಅದರಿಂದ ಕಳೆದುಕೊಳ್ಳುವುದು ಏನನ್ನು ಎಂದು ಕೂಗಿ ಹೇಳಬೇಕೆನಿಸಿತು. ಆಕೆ ಇಸ್ತ್ರಿ ಹಾಕುತ್ತಲೇ ನನ್ನನ್ನು ನೋಡಿದರು. ಆಗ ಗಮನಿಸಿದೆ, ಇಸ್ತ್ರಿ ಎಡಗೈಯಲ್ಲಿತ್ತು. ಅದನ್ನು ಮಾವ ಕೇಳಿದ್ದಕ್ಕೆ, ಒಂದೇ ಕೈಲಿ ಮಾಡಿ ಬೇಸರ ಬಂತು ಎಂದಿದ್ದರಂತೆ. ನಾನು ತುಟಿ ಪಿಟಕ್ಕೆನ್ನದೆ ಎದ್ದು ಬಂದೆ.

ಮರುಪರಿಶೀಲನೆಗೆ ಬಂದದ್ದು ಹಿಂದಿನ ಅಧಿಕಾರಿಯೇ. ನಲವತ್ತು ದಾಟಿದ ಸಣಕಲು ಮನುಷ್ಯ, ಕೈಯಲ್ಲಿ ಸದಾ ಅಳತೆಯ ಟೇಪು. ಕಚೇರಿಯಲ್ಲಿ ನಾವೆಲ್ಲ ಅವರನ್ನು ಟೇಪು ಸಾಹೇಬರು ಅನ್ನುತ್ತೇವೆ. ಕೆಟ್ಟವರಲ್ಲ. ಕಂಡದ್ದನ್ನು ಅಳೆದು ಬರೆಯುವವರು, ಅಷ್ಟೇ. ಮಾವ ಎಂದಿನಂತೆ ಬಾಗಿಲಲ್ಲಿ ಎದ್ದು ನಿಂತರು. ಆಕೆ ಆವತ್ತು ಬಟ್ಟೆಯನ್ನೆಲ್ಲ ತೆಗೆದಿಟ್ಟಿದ್ದರು. ಸಾಹೇಬರು ಬರಿಯ ತಂತಿಗಳನ್ನು ಮುಟ್ಟಿ, ಜಗ್ಗಿ, ಉದ್ದ ಅಳೆದು, ಮಾವನನ್ನು ಮಂಚದಿಂದ ಮೇಜಿಗೆ ಒಂದು ಸಲ ಹೋಗಿ ಬರಲು ಹೇಳಿದರು. ಅವರು ಬೆರಗಾದದ್ದು ಮುಖದಲ್ಲೇ ಕಾಣುತ್ತಿತ್ತು.

"ಬಹಳ ಅಚ್ಚುಕಟ್ಟಾಗಿ ಮಾಡಿದೀರಿ ಸಾರ್. ಆದ್ರೆ ಇದೇ ತೊಂದ್ರೆ. ಇದನ್ನ ಸಾಧನ ಅಂತ ಒಪ್ಕೊಂಡ್ರೂ, ಮನೆ ಆಗ್ಲೇ ಮಾರ್ಪಾಡಾಗಿದೆ ಅಂತ ಬರೀಬೇಕಾಗುತ್ತೆ. ಆದ ಮನೆಗೆ ಮತ್ತೆ ಕೊಡೋ ಹಾಗಿಲ್ಲ."

ನಾನೇ ಬರೆದ ಮೇಲ್ಮನವಿ ನನ್ನ ಕಾಲಿಗೇ ತೊಡರಿತ್ತು. ಆಕೆ ಗೋಡೆಗೆ ಒರಗಿ ನಿಂತಿದ್ದರು.

"ಬಚ್ಚಲು ಬಾಕಿ ಇದೆ ಸಾಹೇಬ್ರೇ. ಅಲ್ಲಿ ತಂತಿ ಇಲ್ಲ" ಎಂದೆ.

"ಸ್ನಾನಕ್ಕೆ ಹೇಗೆ ಇಳೀತೀರಿ?" ಎಂದು ಅವರು ಮಾವನನ್ನು ಕೇಳಿದರು.

"ಇವಳು ಇಳಿಸ್ತಾಳೆ. ಈಗೊಂದು ತಿಂಗಳಿಂದ ಮೋರಿ ಕಟ್ಟಿದೆ, ಇಳೀತಾ ಇಲ್ಲ."

ಟೇಪು ಸಾಹೇಬರು ನೋಡದೆ ಬರೆಯುವ ಜಾತಿಯಲ್ಲ. ಎರಡು ಮೆಟ್ಟಿಲಿಳಿದು ಹೋದರು. ನೀರು ಸುರಿದ ಸದ್ದಾಯಿತು, ಮೋರಿ ಗಟಗಟ ಕುಡಿದ ಸದ್ದೂ ಆಯಿತು. ಕೈ ಒರೆಸಿಕೊಳ್ಳುತ್ತ ಹತ್ತಿ ಬಂದರು.

"ಮೋರಿ ಚೆನ್ನಾಗೇ ಇದೆಯಲ್ಲ."

ಮಾವ ಹೆಂಡತಿಯತ್ತ ತಿರುಗಿದರು. "ಚೆನ್ನಾಗಿದೆಯಂತೆ."

ಆಕೆ ನೆಲ ನೋಡಿದರು. ಮಾವ ಅವರನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು, ಎಲ್ಲಿ ಸಂಪರ್ಕ ತಪ್ಪಿದೆ ಎಂದು ಹುಡುಕುವ ತಂತಿ ಕೆಲಸದವರ ನೋಟದಲ್ಲೇ. ನೋಟ ಬಲಭುಜದ ಮೇಲೆ ನಿಂತಿತು.

"ಬಲಗೈ ಮೇಲೆತ್ತು" ಎಂದರು.

"ರೀ, ಸಾಹೇಬ್ರ ಮುಂದೆ ಏನಿದು."

"ಎತ್ತು."

ಆಕೆ ಎತ್ತಿದರು. ಕೈ ಎದೆಯವರೆಗೆ ಬಂತು, ಅಲ್ಲಿ ನಡುಗಿತು, ಇನ್ನು ಮೇಲೆ ಹೋಗಲಿಲ್ಲ.

"ಎಷ್ಟು ದಿನ ಆಯ್ತು?"

"ಎಂಟು ತಿಂಗಳು."

ಆಮೇಲೆ ಮಾವ ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೊದಲು ಎಡಗೈ, ಆಮೇಲೆ ಬಲಗೈ, ತಂತಿ ಬಿಟ್ಟರು. ಬಿದ್ದದ್ದಲ್ಲ, ಬೇಕೆಂದೇ ಬಿಟ್ಟು ಗೋಡೆ ಸವರಿಕೊಂಡು ನೆಲಕ್ಕೆ ಜಾರಿದರು. ಇಸ್ತ್ರಿ ಮುರಿಯದ ಅಂಗಿಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಮೊಣಕೈ ಊರಿ, ಸತ್ತ ಕಾಲುಗಳನ್ನು ಎಳೆಯುತ್ತ ಬಚ್ಚಲ ಮೆಟ್ಟಿಲಿನವರೆಗೆ ತೆವಳಿದರು. ಕಬ್ಬಿಣದ ಪಟ್ಟಿ ನೆಲಕ್ಕೆ ಕರಕರ ಉಜ್ಜುತ್ತಿತ್ತು. ಮೆಟ್ಟಿಲಂಚಿಗೆ ಬಂದು ತಲೆಯೆತ್ತಿದರು.

"ಅದು ಲೈನು, ಸಾರ್. ಇದು ನಾನು. ಹದಿನಾಲ್ಕನೇ ಉತ್ತರ ತಿದ್ಕೊಳ್ಳಿ."

ಟೇಪು ಸಾಹೇಬರು ಅರ್ಜಿಯ ಪುಟ ತಿರುವಿ ಹದಿನಾಲ್ಕನೆಯದನ್ನು ಹುಡುಕಿದರು.

"ಇನ್ನೊಂದು ಬರ್ಕೊಳ್ಳಿ. ಸೇವೆಯಲ್ಲಿ ಆದ ಗಾಯ ಯಾವುದು ಅಂತ ಒಂದು ಪ್ರಶ್ನೆ ಇದೆಯಲ್ಲ, ಅಲ್ಲಿ ಇವಳ ಭುಜ ಸೇರ್ಸಿ."

"ಅದಕ್ಕೆ ಜಾಗ ಇಲ್ಲ ಸಾರ್. ಅದು ಸೈನಿಕರದ್ದು ಮಾತ್ರ."

"ಸೇವೆಯಲ್ಲಿ ಆದದ್ದಾ ಅಂತ ಕೇಳಿದೀರಿ. ಯಾರ ಸೇವೆ ಅಂತ ಕೇಳಿಲ್ಲ. ಮೂವತ್ತೆರಡು ವರ್ಷದ ಸೇವೆ ಅವಳದ್ದು, ಒಂದು ದಿನ ರಜ ಇಲ್ಲ."

ಸಾಹೇಬರು ಕನ್ನಡಕ ತೆಗೆದರು. ನಾನು ಕಿಟಕಿಯ ಕಡೆ ತಿರುಗಿದೆ. ಅಷ್ಟರಲ್ಲಿ ಮಾವ ಆಕೆಗೆ ಹೇಳಿದರು: "ಪೆಟ್ಟಿಗೆ ತೆಗಿ. ನಾನು ವಸತಿಗೃಹಕ್ಕೆ ಹೋಗ್ತೀನಿ. ಇನ್ನು ನನ್ನನ್ನ ಎತ್ತೋ ಕೆಲಸ ನಿನಗಿಲ್ಲ."

ಅಲ್ಲಿಯವರೆಗೆ ದನಿ ಎತ್ತದ ಹೆಂಗಸಿಗೆ ಸಿಟ್ಟು ಎಲ್ಲಿತ್ತೋ. "ಇದಕ್ಕೇ ನಾನು ಹೇಳ್ದೇ ಇದ್ದದ್ದು. ನಿಮ್ಮನ್ನ ಎತ್ತಕ್ಕೆ ಅಂತ ಮದುವೆ ಆದ್ನಾ ನಾನು? ಎತ್ತೋ ಕೆಲಸ ಇಲ್ದಿದ್ರೆ ಈ ಮನೇಲಿ ನೀವು ಬೇಡ್ವಾ ನನಗೆ? ಬೆಳಗಿಂದ ಸಂಜೆ ತನಕ ಯಾರ ಹತ್ರ ಜಗಳ ಆಡ್ಲಿ ನಾನು?" ಎಂದು ಹೇಳಿ, ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಟೇಪು ಸಾಹೇಬರೂ ನಾನೂ ಮೆಲ್ಲಗೆ ಹೊರಗೆ ಬಂದೆವು. ಮೆಟ್ಟಿಲ ಮೇಲೆ ನಿಂತು ಅವರು ಅರ್ಧ ಪುಟ ಬರೆದರು. ಇಣುಕಿ ನೋಡಲು ಹೋದೆ. ಕೈ ಅಡ್ಡ ಹಿಡಿದರು.

ಆದೇಶ ಬರುವವರೆಗೆ ಇರುತ್ತೇನೆ, ಇಲ್ಲ ಎಂದರೆ ಹೊರಡುತ್ತೇನೆ ಎಂದು ಮಾವ ಒಪ್ಪಿದರು. ಪೆಟ್ಟಿಗೆ ಮಾತ್ರ ಕಟ್ಟಿಸಿ ಮಂಚದ ಕೆಳಗಿಟ್ಟುಕೊಂಡರು. ಏಳು ವಾರ. ಆ ಏಳು ವಾರವೂ ತಿರುವಿನ ದರ್ಜಿ ದಿನಾ ಬಂದು ಅವರನ್ನು ಬಚ್ಚಲಿಗೆ ಇಳಿಸಿದ. ಮೊದಲ ದಿನ ಮಾವ ಅವನ ಮುಖ ನೋಡಲಿಲ್ಲವಂತೆ. ಎರಡನೇ ವಾರಕ್ಕೆ ಅವನ ಯಂತ್ರದ ಮೋಟಾರು ಬಿಚ್ಚಿ ಕೂತಿದ್ದರು. ಆಕೆ ದಿನ ಬಿಟ್ಟು ದಿನ ನನ್ನ ಮೇಜಿನ ಹತ್ತಿರ ಬಂದು ಏನೂ ಕೇಳದೆ ನಿಂತು ಹೋಗುತ್ತಿದ್ದರು. ಕಚೇರಿಯ ಗುಮಾಸ್ತನಿಗೆ ನಾನು ಕೊಟ್ಟ ಕಾಟ ಅಷ್ಟಿಷ್ಟಲ್ಲ. ನನ್ನ ನೆರಳು ಕಂಡರೆ ಎದ್ದು ಹೋಗುತ್ತಿದ್ದ.

ಕೊನೆಗೆ ಪತ್ರ ಬಂದ ದಿನ ಆಕೆ ಒಡೆಯದೆ ಹಾಗೇ ತಂದರು. ನಾನು ಒಡೆದೆ. 'ಅರ್ಹರು' ಎಂಬ ಶಬ್ದ ಕಣ್ಣಿಗೆ ಬಿತ್ತು. ಪತ್ರ ತಿರುಗಿಸಿ ಅವರ ಕೈಗೇ ಕೊಟ್ಟೆ. ಈ ಸಲ ಸರಿಯಾಗಿ ಓದಿದೆನಾ ಎಂದು ಆಕೆ ಕೇಳಲಿಲ್ಲ.

ಕೆಲಸ ಮೂರು ತಿಂಗಳು ಹಿಡಿಯಿತು. ಮೆಟ್ಟಿಲಿದ್ದಲ್ಲಿ ಇಳಿಜಾರು ಬಂತು, ಬಾಗಿಲು ಅಗಲವಾಯಿತು, ಬಚ್ಚಲ ನೆಲ ಮನೆಯ ನೆಲಕ್ಕೆ ಸಮವಾಯಿತು. ಗೋಡೆ ಒಡೆದು ಕಟ್ಟುವಾಗ ಲೈನುಗಳನ್ನು ಮಾವನೇ ಕೂತು ಒಂದೊಂದಾಗಿ ಬಿಚ್ಚಿದರಂತೆ. ಕೆಲಸ ಮುಗಿದ ಮೇಲೆ ಕಚೇರಿಗೆ ಒಂದು ಕೊನೆಯ ನಮೂನೆ ತುಂಬಿಕೊಡಬೇಕು. ಅದನ್ನು ಹಿಡಿದು ನಾನೇ ಹೋದೆ. ಬಾಗಿಲು ತೆರೆದಿತ್ತು. ಒಳಗೆ ಯಾರೂ ಕಾಣಲಿಲ್ಲ. ಬಚ್ಚಲ ಕಡೆಯಿಂದ ನೀರಿನ ಸದ್ದು, ಬಯ್ಗುಳದ ಸದ್ದು.

"ಕಣ್ಣು ಮುಚ್ಕೋ ಅಂದ್ನಲ್ಲ. ನೊರೆ ಹೋದ್ರೆ ಮತ್ತೆ ನನಗೇ ಬೈತೀಯ."

ಕೆಮ್ಮಿ, ಇಣುಕಿದೆ. ಮಾವ ಗಾಲಿಕುರ್ಚಿಯಲ್ಲಿ ಅಂಗಿಯ ತೋಳು ಮಡಚಿಕೊಂಡು ಕೂತಿದ್ದರು. ಅವರಿಗೆಂದು ಗೋಡೆಗೆ ಕೂರಿಸಿದ ಸ್ನಾನದ ಪೀಠದ ಮೇಲೆ ಆಕೆ ಹೆಗಲಿಗೆ ಟವೆಲು ಹೊದ್ದು, ತಲೆ ಬಗ್ಗಿಸಿ ಕೂತಿದ್ದರು. ಮಾವ ಆ ನರೆತ ಉದ್ದ ಕೂದಲಿಗೆ ಸೋಪು ಹಚ್ಚಿ, ತಿಕ್ಕಿ, ಚೊಂಬಿನಿಂದ ನಿಧಾನಕ್ಕೆ ನೀರು ಬಿಡುತ್ತಿದ್ದರು. ತಲೆಯವರೆಗೆ ಕೈ ಎತ್ತಲಾಗದವರು ಅಷ್ಟು ತಿಂಗಳು ತಲೆಗೆ ಹೇಗೆ ನೀರು ಹಾಕಿಕೊಂಡರು ಎಂದು, ಎಲ್ಲವನ್ನೂ ಕೇಳುವ ನಾನು ಒಂದು ದಿನವೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

"ಏನು ರೈಟರಮ್ಮ, ಇನ್ನೂ ಪ್ರಶ್ನೆ ಇದೆಯಾ?" ಎಂದರು ಮಾವ, ಚೊಂಬು ಕೆಳಗಿಡದೆ.

"ಒಂದೇ ಒಂದು" ಎಂದು ನಮೂನೆ ಓದಿದೆ. "ಮಾರ್ಪಡಿಸಿದ ಸೌಲಭ್ಯವನ್ನು ಫಲಾನುಭವಿಯು ಸ್ವತಃ ಬಳಸುತ್ತಿದ್ದಾರೆಯೇ?"

ಮಾವ ಆಕೆಯ ಹಣೆಗೆ ಕೈ ಅಡ್ಡ ಹಿಡಿದು ಇನ್ನೊಂದು ಚೊಂಬು ನೀರು ಸುರಿದರು.

"ನೋಡ್ತಾ ಇದೀರಲ್ಲ."

ಬಾಗಿಲ ಚೌಕಟ್ಟಿಗೆ ಕಾಗದ ಒತ್ತಿ ಹಿಡಿದು ನಾನು ಹೌದು ಎಂದು ಬರೆದೆ.